ಹೊಕ್ಕುಳ ಬಟ್ಟಲು

ಕುರಿ ಫಾರಂನಲ್ಲಿ ಅವಳನ್ನು ಎಲ್ಲರೂ ಕೈಯಮ್ಮ ಅಂತಲೇ ಕರೆಯುತ್ತಿದ್ದರು. ಹೊಟ್ಟೆಯೊಳಗೆ ಮರಿ ಅಡ್ಡ ತಿರುಗಿದರೆ, ಕಾಲು ಮಡಚಿಕೊಂಡು ಸಿಕ್ಕಿಬಿದ್ದರೆ, ಅವಳಿ ಮರಿಗಳು ಒಂದರ ಮೇಲೊಂದು ಕಾಲು ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರೆ, ಕುರಿ ಡಾಕ್ಟರೂ ಅವಳನ್ನೇ ಕೂಗುತ್ತಿದ್ದ. ಅವನ ಕೈ ದಪ್ಪ. ಇವಳದು ಸಣ್ಣ ಕೈ, ಉದ್ದ ಬೆರಳು. ಮೊಳಕೈವರೆಗೆ ಸೋಪು ಸವರಿಕೊಂಡು, ಕಣ್ಣು ಮುಚ್ಚಿ, ಕೈಯನ್ನು ಒಳಗಿಡುತ್ತಿದ್ದಳು. "ಇದು ನಿನ್ನ ಮುಂಗಾಲು. ಇದು? ಇದು ನಿನ್ನ ತಮ್ಮಂದು. ಹಿಂದೆ ಸರಿಯೋ ಕಳ್ಳ, ನಿನ್ನ ಸರದಿ ಆಮೇಲೆ" ಎಂದು ಒಳಗಿದ್ದವರ ಜೊತೆ ಮಾತಾಡುತ್ತಲೇ ಬಿಡಿಸಿ ಎಳೆಯುತ್ತಿದ್ದಳು. ಇಪ್ಪತ್ತೆರಡು ವರ್ಷ ಇದೇ ಕೆಲಸ. ಬೆನ್ನು ಬಾಗಿತ್ತು. ಬೆರಳಿನ ಗೆಣ್ಣುಗಳು ಊದಿದ್ದವು. ಉಗುರಿನ ಸಂದಿಯಲ್ಲಿ ಕಂದು ಬಣ್ಣ ಇಳಿದು ಕೂತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಆ ಬಣ್ಣ ಬಟ್ಟಲಿನದು. ಮರಿ ಹುಟ್ಟಿದ ಮೇಲೆ ಕರುಳಬಳ್ಳಿಯನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಬೇಕು. ಉಳಿದ ತುದಿಯನ್ನು ಕಂದು ಔಷಧಿಯಲ್ಲಿ ಅದ್ದಬೇಕು. ಹೊಕ್ಕುಳ ಬಟ್ಟಲು ಎನ್ನುತ್ತಿದ್ದರು ಅದಕ್ಕೆ. ಹೆಸರಿಗೆ ಬಟ್ಟಲು, ನಿಜಕ್ಕೆ ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗು. ಬೆಳಿಗ್ಗೆ ಮೇಸ್ತ್ರಿ ಒಮ್ಮೆ ಔಷಧಿ ಸುರಿದು ಕೊಟ್ಟರೆ ಸಂಜೆಯವರೆಗೂ ಅದೇ. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಹುಲ್ಲಿನ ಚೂರು, ಉಣ್ಣೆಯ ಎಳೆ, ಹಿಕ್ಕೆಯ ಪುಡಿ ತೇಲುತ್ತಿದ್ದವು. ಕತ್ತರಿ ಅವಳ ಸೊಂಟದ ದಾರದಲ್ಲಿ ನೇತಾಡುತ್ತಿತ್ತು. ಅದಕ್ಕೂ ಬೇರೆ ಸ್ನಾನ ಇರಲಿಲ್ಲ. ಏಪ್ರನ್‌ಗೆ ಎರಡು ಸಲ ಒರೆಸಿದರೆ ಮುಗಿಯಿತು.

ಅವಳು ಕೆಲಸಕ್ಕೆ ಸೇರಿದ ಮೊದಮೊದಲ ವರ್ಷಗಳಲ್ಲಿ ಮರಿಗಳು ಹುಟ್ಟಿದ ಆರೇಳು ದಿನಕ್ಕೆ ಸೆಟೆದುಕೊಂಡು ಸಾಯುತ್ತಿದ್ದವು. ನಾಲ್ಕು ಕಾಲೂ ಸ್ಟೂಲಿನ ಕಾಲುಗಳ ಹಾಗೆ. ಕಿವಿ ನೆಟ್ಟಗೆ. ಬಾಯಿಗೆ ಬೆರಳು ತೂರಿಸಲು ಆಗುತ್ತಿರಲಿಲ್ಲ. ಒಂದು ವರ್ಷ ನಲವತ್ತು ಮರಿಗಳನ್ನು ಅವಳೇ ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋಗಿ ಗುಂಡಿಗೆ ಸುರಿದಿದ್ದಳು. ಮರುವರ್ಷ ಬಟ್ಟಲು ಬಂತು. ಅದೇ ವರ್ಷ, ಮರಿ ಹಾಕುವ ಒಂದು ತಿಂಗಳ ಮೊದಲು ತಾಯಿಕುರಿಗಳಿಗೆಲ್ಲ ಸೂಜಿ ಚುಚ್ಚುವುದೂ ಶುರುವಾಯಿತು. ಸಾವು ನಿಂತಿತು. ಸೂಜಿಯೊಳಗೆ ಏನಿದೆ ಎಂದು ಡಾಕ್ಟರು ಅವಳಿಗೆ ಹೇಳಲಿಲ್ಲ. ಕುರಿಯ ತಲೆ ಹಿಡಿದುಕೊಳ್ಳುವ ಹೆಂಗಸಿಗೆ ಅದನ್ನು ಯಾಕೆ ಹೇಳಬೇಕು? ಸೂಜಿ ಅವನ ಕೈಯಲ್ಲಿತ್ತು. ಬಟ್ಟಲು ಇವಳ ಕೈಯಲ್ಲಿತ್ತು. ಸಾವನ್ನು ನಿಲ್ಲಿಸಿದ್ದು ಬಟ್ಟಲೇ ಎಂದು ಇವಳು ತಿಳಿದಳು.

"ನಂದು ಕೈಗುಣ ಕಣ್ರೇ" ಎಂದು ಜೊತೆಯ ಹೆಂಗಸರ ಮುಂದೆ ಕೈ ಎತ್ತಿ ತೋರಿಸುತ್ತಿದ್ದಳು. ಅವಳ ಬದುಕಿನಲ್ಲಿ ಹೆಮ್ಮೆಪಡುವಂಥದ್ದು ಬೇರೇನೂ ಇರಲಿಲ್ಲ. ಇದ್ದ ಒಂದನ್ನು ಅವಳು ಚೆನ್ನಾಗಿ ಉಜ್ಜಿ ಹೊಳೆಯುವ ಹಾಗೆ ಇಟ್ಟುಕೊಂಡಿದ್ದಳು.

ಈ ವರ್ಷ ಸೂಜಿಯ ದಿನ ಮಗಳೂ ಜೊತೆಗಿದ್ದಳು. ಅಳಿಯ ದೂರದ ಬಂದರಿನಲ್ಲಿ ಮೂಟೆ ಹೊರುವವನು. ಅಲ್ಲಿ ಬಾಣಂತನಕ್ಕೆ ಜಾಗವಿಲ್ಲವೆಂದು ಮಗಳು ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಅಮ್ಮನ ಲೈನುಮನೆಗೆ ಬಂದಿದ್ದಳು. ಬಂದವಳು ಸುಮ್ಮನೆ ಕೂರುವ ಹಾಗಿರಲಿಲ್ಲ. ಕೆಲಸಕ್ಕೆ ಬರದವರಿಗೆ ಲೈನುಮನೆಯಲ್ಲಿ ಜಾಗವಿಲ್ಲ ಎಂದಿದ್ದ ಮೇಸ್ತ್ರಿ. ಬೆಳಿಗ್ಗೆಯಿಂದ ಒಂದೊಂದೇ ಕುರಿಯನ್ನು ಮೊಣಕಾಲುಗಳ ನಡುವೆ ಅಮುಕಿ, ಗದ್ದ ಎತ್ತಿ ಹಿಡಿಯುವುದು. ಡಾಕ್ಟರು ಕುತ್ತಿಗೆಯ ಚರ್ಮ ಎಳೆದು ಚುಚ್ಚುವುದು. ಬಿಡುವುದು. ಮುಂದಿನದು. ಒಂದು ಸಾವಿರದ ಇನ್ನೂರು ಕುರಿಗಳು. ಗುದ್ದು ಹೊಟ್ಟೆಗೆ ತಾಗದ ಹಾಗೆ ಮಗಳು ಪಕ್ಕಕ್ಕೆ ವಾಲಿಕೊಂಡು ಹಿಡಿಯುತ್ತಿದ್ದಳು.

ಅವಳು ಬಾಯಾಳಿ. ಸುಮ್ಮನಿರುವ ಜಾಯಮಾನದವಳಲ್ಲ. "ಡಾಕ್ಟ್ರೇ, ಎಲ್ಲ ಬಸುರಿಯರಿಗೂ ಹಾಕ್ತಿದೀರಾ, ನಂಗೂ ಒಂದು ಹಾಕಿಬಿಡಿ. ಲೈನಲ್ಲೇ ಇದೀನಿ."

"ನಿಂಗ್ಯಾಕಮ್ಮ? ನೀನೇನು ಉಣ್ಣೆ ಕೊಡ್ತೀಯಾ?" ಎಂದ ಡಾಕ್ಟರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಸ್ತ್ರಿ ನಕ್ಕ. ಗುಂಗುರಿ ನಕ್ಕಳು. ಗುಂಗುರು ಕೂದಲಿನ ಆ ಹುಡುಗಿಯೂ ಆಗ ಎರಡು ತಿಂಗಳ ಬಸುರಿ. ಕೈಯಮ್ಮನೂ ನಕ್ಕಳು.

ಅಂದು ಸಂಜೆಯೇ ಗೇಟು ಮುಚ್ಚಿತು. ಸೂಜಿ ಹಾಕಿದ ದಿನದಿಂದ ಕೊನೆಯ ಮರಿ ಹುಟ್ಟುವವರೆಗೆ ಮೂರು ತಿಂಗಳು ಹೊರಗಿನವರು ಯಾರೂ ಒಳಗೆ ಬರುವ ಹಾಗಿಲ್ಲ. ಹೊರಗಿನ ರೋಗ ಮರಿಗಳಿಗೆ ತಗುಲಬಾರದು. ಮೇವಿನ ಲಾರಿ ಬರಬಹುದು. ಅದಕ್ಕೆಂದೇ ಗೇಟಿನ ಅಡ್ಡಕ್ಕೆ ಸಿಮೆಂಟಿನ ತೊಟ್ಟಿ ಕಟ್ಟಿ ನೀಲಿ ಔಷಧಿನೀರು ತುಂಬಿದ್ದರು. ಚಕ್ರ ಅದರಲ್ಲಿ ಮುಳುಗಿ ಎದ್ದರೆ ಶುದ್ಧ. ಡಾಕ್ಟರು ಬರಬಹುದು. ಮಾಲೀಕರ ನೆಂಟರು ಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಲು ಬರಬಹುದು. ಒಳಗಿನ ಆಳುಗಳು ಹೊರಗೆ ಹೋಗಬಹುದು. ಹೋದವರು ತಿರುಗಿ ಬಂದರೆ ಹತ್ತು ದಿನ ಗೇಟಿನ ಪಕ್ಕದ ಕೋಣೆಯಲ್ಲಿ ಕೂಲಿಯಿಲ್ಲದೆ ಬಿದ್ದಿರಬೇಕು. ಆಮೇಲೆ ಜಾಗ ಖಾಲಿ ಇದ್ದರೆ ಕೆಲಸ.

ಫಾರಂನ ಲೈನುಮನೆಯಲ್ಲಿ ಇಬ್ಬರು ಬಸುರಿಯರಿದ್ದಾರೆ ಎಂದು ಮೇವಿನ ಲಾರಿಯ ಡ್ರೈವರ್ ಹೇಳಿದ್ದರಿಂದ, ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಸ್ಕೂಟರಿನ ಹಿಂದೆ ಔಷಧಿ ಡಬ್ಬ ಕಟ್ಟಿಕೊಂಡು ಬಂದಳು. ಗೇಟಿನಣ್ಣ ಚಿಲಕ ತೆಗೆಯಲಿಲ್ಲ. ಕೆಟ್ಟವನಲ್ಲ ಅವನು. ತೆಗೆದರೆ ಕೆಲಸ ಹೋಗುತ್ತಿತ್ತು.

"ಎರಡು ಇಂಜೆಕ್ಷನ್ ಅಣ್ಣ. ಎರಡು ನಿಮಿಷದ ಕೆಲಸ."

"ನಿಮ್ಮ ಚಪ್ಪಲೀಲಿ ಏನಿದ್ಯೋ ಯಾರಿಗೆ ಗೊತ್ತು ತಾಯಿ?"

"ಚಪ್ಪಲಿ ಇಲ್ಲೇ ಬಿಡ್ತೀನಿ."

"ಕಾಲಲ್ಲಿ ಏನಿದ್ಯೋ."

ಸಂಜೆ ಗೇಟಿನಣ್ಣ ಬಂದು ವಿಷಯ ಹೇಳಿದ. ಮಗಳು ಕೇಳಿದಳು. "ಅಮ್ಮ, ನಾನೇ ಆಸ್ಪತ್ರೆಗೆ ಹೋಗಿ ಹಾಕಿಸ್ಕೊಂಡು ಬರ್ಲಾ?"

"ಹತ್ತು ದಿನ ಆ ಕೋಣೇಲಿ ಕೊಳೀಬೇಕಾಗುತ್ತೆ ಕಣೆ. ಮರಿ ಹಾಕೋದು ಮುಗೀಲಿ, ಹೋಗೋಣ. ಹೆರಿಗೆಗೆ ನಾನಿಲ್ವಾ?" ಎಂದಳು ಕೈಯಮ್ಮ.

ಹೇಳಿದ್ದು ಅವಳೇ. ಈ ಮಾತನ್ನು ಕಥೆ ಮುಚ್ಚಿಡುವುದಿಲ್ಲ.

ನರ್ಸಮ್ಮ ಎರಡನೇ ಸಲ ಬಂದಳು. ಮೂರನೇ ಸಲ ಬಂದಳು. ಮೂರನೇ ಸಲ ಗೇಟಿನಣ್ಣ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದ. "ಆಮೇಲೆ ಬರೋಕೆ ಹೇಳು. ಮರಿಗಳ ಸೀಸನ್" ಎಂದಿತು ಫೋನು.

ಮಗಳಿಗೆ ಮೂರು ವಾರ ಮೊದಲೇ ನೋವು ಬಂತು. ಮಟಮಟ ಮಧ್ಯಾಹ್ನ. ಬಕೆಟ್ಟಿನಲ್ಲಿ ನೀರು ಹೊತ್ತುಕೊಂಡು ಹೋಗುತ್ತಿದ್ದವಳು ಏಳನೇ ಗೂಡಿನ ಹತ್ತಿರ ನಿಂತಳು. ಈದ ಕುರಿಯನ್ನು ಮರಿಯ ಜೊತೆ ಒಂದು ದಿನ ಬೇರೆ ಇಡಲು ಹಲಗೆ ಅಡ್ಡ ಹೊಡೆದು ಮಾಡಿದ ಸಣ್ಣ ಗೂಡುಗಳವು. ಬಕೆಟ್ಟು ಕೆಳಗಿಟ್ಟಳು. ನೀರು ಚೆಲ್ಲಲಿಲ್ಲ. "ಅಮ್ಮ" ಎಂದಳು. ಕಾಲ ಕೆಳಗೆ ಬೇರೆ ನೀರು ಚೆಲ್ಲಿತ್ತು.

ಕೈಯಮ್ಮ ಮೇಸ್ತ್ರಿಯ ಹತ್ತಿರ ಓಡಿದಳು. "ಅಣ್ಣ, ಗಾಡಿ ಕೊಡಿ. ಆಸ್ಪತ್ರೆಗೆ ಹೋಗ್ಬೇಕು."

"ಗಾಡಿ ಹೊರಗೆ ಹೋದ್ರೆ ಪೂರ್ತಿ ತೊಳೀಬೇಕಾಗುತ್ತೆ. ಮ್ಯಾನೇಜರ್ ಊಟಕ್ಕೆ ಹೋಗಿದಾರೆ. ಬರ್ಲಿ, ಕೇಳಿ ಹೇಳ್ತೀನಿ. ನೀನಿದೀಯಲ್ಲ, ನಿಂಗೇನು ಹೊಸದಾ?"

ಮ್ಯಾನೇಜರು ಊಟ ಮುಗಿಸುವ ಮೊದಲೇ ಮಗು ಬಂತು. ಏಳನೇ ಗೂಡಿನಲ್ಲಿದ್ದ ಕುರಿಯನ್ನು ಗುಂಗುರಿ ಆಚೆ ಎಳೆದಳು. ಮೇಲೆ ಹೊಸ ಹುಲ್ಲು ಹಾಸಿದರು. ಕೆಳಗಿನ ಹುಲ್ಲು ಹಳೆಯದೇ. ಕೈಯಮ್ಮ ಮೊಳಕೈವರೆಗೆ ಸೋಪು ಹಾಕಿ ತೊಳೆದುಕೊಂಡಳು. "ಇನ್ನೊಂದೇ ಸಲ ಮುಕ್ಕಿರಿಯಮ್ಮ, ಇನ್ನೊಂದೇ ಸಲ" ಎಂದು ಐವತ್ತು ಸಲ ಹೇಳಿದಳು. ಹೆಣ್ಣುಮಗು. ಬಿಸಿಯಾಗಿ, ಜಾರಿಕೊಂಡು, ಕೈತುಂಬ ಬಂತು. ಬಂದ ಕೂಡಲೇ ಅತ್ತಿತು. ಗೂಡುಗಳಲ್ಲಿದ್ದ ಕುರಿಗಳೆಲ್ಲ ಒಂದು ಕ್ಷಣ ಬಾಯಿ ಮುಚ್ಚಿ ಆ ಕಡೆ ನೋಡಿದವು.

ಸೊಂಟದ ದಾರದಿಂದ ಕತ್ತರಿ ತೆಗೆದಳು. ಏಪ್ರನ್‌ಗೆ ಎರಡು ಸಲ ಒರೆಸಿದಳು. ಕತ್ತರಿಸಿದಳು. ಬೇರೆ ಕತ್ತರಿ, ಬಿಸಿನೀರು, ಇದ್ಯಾವುದೂ ಅವಳ ತಲೆಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷದಲ್ಲಿ ಆ ಕತ್ತರಿ, ಆ ಬಟ್ಟಲು ಅವಳಿಗೆ ಒಂದೇ ಒಂದು ಸಲ ಕೈಕೊಟ್ಟಿರಲಿಲ್ಲ. "ಬಟ್ಟಲು ಕೊಡೇ" ಎಂದಳು. ಗುಂಗುರಿ ಕೊಟ್ಟಳು. ಮರಿಗಳಿಗೆ ಒಂದು ಸಲ ಅದ್ದುವುದು. ಮೊಮ್ಮಗಳಲ್ಲವೇ, ಅವಳು ಎರಡು ಸಲ ಅದ್ದಿದಳು.

ಮಗಳು ಬೆವರಿನಲ್ಲಿ ಮುಳುಗಿದ್ದಳು, ಆದರೂ ಬಾಯಿ ನಿಲ್ಲದು. "ಕಿವಿಗೆ ನಂಬರ್ ಹೊಡೀಬೇಡಮ್ಮ" ಎಂದಳು. ಹೆಂಗಸರು ನಗುತ್ತ ಅಳುತ್ತ ಮಗುವನ್ನು ಕೈಯಿಂದ ಕೈಗೆ ದಾಟಿಸಿದರು.

ಐದು ದಿನ ಆ ಲೈನುಮನೆಯಲ್ಲಿ ಮಗು ಇತ್ತು. ಹಾಲು ಕುಡಿಯುವಾಗ ಗುಟುಕು ಗುಟುಕಿಗೂ ಹುಬ್ಬು ಗಂಟಿಕ್ಕುತ್ತಿತ್ತು. "ದೊಡ್ಡ ಆಫೀಸರಮ್ಮ, ಫೈಲ್ ನೋಡ್ತಿದಾರೆ, ಯಾರೂ ಮಾತಾಡಿಸ್ಬೇಡಿ" ಎನ್ನುತ್ತಿದ್ದಳು ಮಗಳು.

ಆರನೇ ದಿನ ಬೆಳಿಗ್ಗೆ ಮಗು ಹಾಲು ಕುಡಿಯಲಿಲ್ಲ. ಅಳುತ್ತಿತ್ತು. ಬಾಯಿಗೆ ಮೊಲೆ ಇಟ್ಟರೆ ಹಿಡಿಯುತ್ತಿರಲಿಲ್ಲ.

"ಏನಮ್ಮ ಇದು, ಮುನಿಸಾ?" ಎಂದಳು ಮಗಳು.

ಕೈಯಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಮರಿ ಹಾಲು ಬಿಟ್ಟರೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಕಿರುಬೆರಳನ್ನು ಬಾಯಿಗಿಟ್ಟಳು. ಚೀಪುತ್ತದೆಯೋ ನೋಡಲು. ಒಸಡು ಅವಳ ಬೆರಳನ್ನು ಕಚ್ಚಿ ಹಿಡಿಯಿತು. ಹಲ್ಲಿಲ್ಲದ ಬಾಯಿ. ಅಷ್ಟು ಬಿಗಿ. ಬೆರಳು ತೆಗೆಯಲು ಹೋದರೆ ತಲೆಯೂ ಜೊತೆಗೆ ಎದ್ದು ಬಂತು. ಕುತ್ತಿಗೆ ಬಾಗಲಿಲ್ಲ.

ಅವಳಿಗೆ ಗೊತ್ತಾಯಿತು. ಯಾವ ಡಾಕ್ಟರಿಗೂ ಗೊತ್ತಾಗುವ ಮೊದಲು ಅವಳ ಬೆರಳಿಗೆ ಗೊತ್ತಾಯಿತು. ನಲವತ್ತು ಮರಿಗಳ ಬಾಯಿಗಿಟ್ಟ ಬೆರಳು ಅದು.

ಮಗುವನ್ನು ಎದೆಗವುಚಿಕೊಂಡು ಓಡಿದಳು. ಹಿಂದೆ ಮಗಳು, ಬಾಣಂತಿ, ಬರಿಗಾಲಲ್ಲಿ. ಗೇಟಿನಣ್ಣ ಅವಳ ಮುಖ ನೋಡಿ ಏನೂ ಕೇಳದೆ ಚಿಲಕ ತೆಗೆದ. ಮೇವು ಇಳಿಸಿ ಹೊರಟಿದ್ದ ಲಾರಿಯ ಡ್ರೈವರ್ ಮೂವರನ್ನೂ ಹತ್ತಿಸಿಕೊಂಡ. ದಾರಿಯಲ್ಲಿ ಹಾರನ್ ಹೊಡೆದಾಗೆಲ್ಲ ಮಗು ಬೆಚ್ಚಿ ಸೆಟೆಯುತ್ತಿತ್ತು. "ಹಾರನ್ ಬೇಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು ಕೈಯಮ್ಮ. ಅವನು ಆಮೇಲೆ ಕಿಟಕಿಯಿಂದ ಕೈ ಆಡಿಸುತ್ತ, ಎದುರಿನವರಿಗೆ ಕೂಗಿ ದಾರಿ ಬಿಡಿಸುತ್ತ ಓಡಿಸಿದ.

ಆಸ್ಪತ್ರೆಯ ಡಾಕ್ಟರಮ್ಮ ಮಗುವನ್ನು ನೋಡಿದಳು. ಧನುರ್ವಾಯು ಎಂದಳು. "ಹೆರಿಗೆ ಎಲ್ಲಾಯ್ತು?"

"ಕೊಟ್ಟಿಗೇಲಿ. ಕುರಿ ಗೂಡಲ್ಲಿ."

"ಕರುಳಬಳ್ಳಿ ಯಾವುದ್ರಿಂದ ಕತ್ತರಿಸಿದ್ರಿ?"

ಕೈಯಮ್ಮ ಹೇಳಿದಳು. ಕತ್ತರಿಯ ವಿಷಯ ಹೇಳಿದಳು. ಬಟ್ಟಲಿನ ವಿಷಯ ಹೇಳಿದಳು. ಎರಡು ಸಲ ಅದ್ದಿದೆ ಎಂದೂ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ. ಎಲ್ಲವನ್ನೂ ಬರೆದುಕೊಂಡಳು. "ಈ ರೋಗದ ಬೀಜ ಕುರಿ ಹಿಕ್ಕೇಲಿ, ಕೊಟ್ಟಿಗೆ ಮಣ್ಣಲ್ಲಿ ಇರುತ್ತಮ್ಮ. ವರ್ಷಗಟ್ಲೆ ಸಾಯಲ್ಲ. ಆ ಔಷಧಿಗೂ ಬಗ್ಗಲ್ಲ" ಎಂದಳು.

ಮಗಳು ಅಮ್ಮನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಬಾಯಾಳಿ ಹುಡುಗಿ ಅಲ್ಲಿಂದ ಮುಂದಕ್ಕೆ ಅಮ್ಮನ ಜೊತೆ ಒಂದು ಮಾತೂ ಆಡಲಿಲ್ಲ.

ಮಗುವನ್ನು ಕತ್ತಲು ಕೋಣೆಯಲ್ಲಿಟ್ಟರು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಬೆಳಕು ಬಿದ್ದರೆ ಸೆಟೆಯುತ್ತದೆ. ಸದ್ದಾದರೆ ಸೆಟೆಯುತ್ತದೆ. ಮುಟ್ಟಿದರೆ ಸೆಟೆಯುತ್ತದೆ. ಹೆತ್ತವಳು ಮುಟ್ಟುವ ಹಾಗಿಲ್ಲ. ನಾಲ್ಕು ದಿನ ಇಬ್ಬರೂ ಗಾಜಿನ ಬಾಗಿಲಾಚೆ ನಿಂತರು. ಎರಡನೇ ದಿನ ವರಾಂಡದಲ್ಲಿ ಯಾರದೋ ಕೈಯಿಂದ ಚಮಚ ಬಿತ್ತು. ಒಳಗೆ ಮಗು ಬಿಲ್ಲಿನ ಹಾಗೆ ಬಾಗಿತು, ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗಿದ್ದವು. ಮುಖದಲ್ಲಿ ನಗುವಿನಂಥದ್ದು. ಅದು ನಗುವಲ್ಲ ಎಂದು ಕೈಯಮ್ಮನಿಗೆ ಗೊತ್ತಿತ್ತು. ಮಗಳಿಗೂ ಗೊತ್ತಾಯಿತು.

ನಾಲ್ಕನೇ ದಿನ ಮಧ್ಯಾಹ್ನ ಮಗು ಸತ್ತಿತು. ಹೆಸರಿಟ್ಟಿರಲಿಲ್ಲ. ಅಳಿಯ ಬಂದ, ಮಣ್ಣು ಮಾಡಿದ, ಹೆಂಡತಿಯ ತಲೆ ಸವರಿದ, ರಜೆ ಮುಗಿಯಿತೆಂದು ಹೋದ.

ಅವನು ಹೋದ ಮೇಲೆ ನರ್ಸಮ್ಮ ಬಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೈಯಮ್ಮನ ಪಕ್ಕ ಕೂತಳು. ಮಗಳು ಎರಡು ಮೆಟ್ಟಿಲು ಕೆಳಗೆ, ಇವರಿಗೆ ಬೆನ್ನು ಮಾಡಿ ಕೂತಿದ್ದಳು.

"ನಾನು ಮೂರು ಸಲ ಬಂದಿದ್ದೆ" ಎಂದಳು ನರ್ಸಮ್ಮ. ಭೇಟಿ ಬರೆದಿಡುವ ಪುಸ್ತಕ ತೆಗೆದು ತೋರಿಸಿದಳು. "ನೋಡಿ. ಗೇಟು ತೆಗೆಯಲಿಲ್ಲ. ಗೇಟು ತೆಗೆಯಲಿಲ್ಲ. ಗೇಟು ತೆಗೆಯಲಿಲ್ಲ."

"ಬಂದಿದ್ರೆ ಏನಾಗ್ತಿತ್ತು? ಕತ್ತರಿಸಿದ್ದು ನಾನಲ್ವಾ?"

"ತಾಯಿಗೆ ಎರಡು ಇಂಜೆಕ್ಷನ್ ಬಿದ್ದಿದ್ರೆ ಅದರ ಬಲ ಹೊಟ್ಟೇಲಿರೋ ಮಗುಗೆ ಹೋಗುತ್ತಮ್ಮ. ಆಮೇಲೆ ನೀವು ಆ ಕತ್ತರೀಲೇ ಕತ್ತರಿಸಿದ್ರೂ ಮಗು ಉಳೀತಿತ್ತು, ಬಹುಮಟ್ಟಿಗೆ ಉಳೀತಿತ್ತು. ನಿಮ್ಮ ಫಾರಂನಲ್ಲಿ ಕುರಿಗಳಿಗೆ ಹಾಕ್ತಾರಲ್ಲ, ಅದರೊಳಗೂ ಇದೇ ರೋಗದ ಮದ್ದು ಇರುತ್ತೆ. ಕುರಿ ಗಿಣ್ಣುಹಾಲಲ್ಲಿ ಅದು ಮರಿಗೆ ಹೋಗುತ್ತೆ. ಅದಕ್ಕೇ ಮರಿಗಳು ಸಾಯಲ್ಲ."

ಕೈಯಮ್ಮ ತನ್ನ ಕೈ ನೋಡಿಕೊಂಡಳು. ಇಪ್ಪತ್ತೆರಡು ವರ್ಷ. ಬಟ್ಟಲಲ್ಲ. ಕೈಗುಣವಲ್ಲ. ಸೂಜಿ. ಸಾವಿರದ ಇನ್ನೂರು ಕುರಿಗಳ ತಲೆಯನ್ನು ಅವಳೇ ಹಿಡಿದಿದ್ದಳು, ಅವಳ ಮಗಳೂ ಹಿಡಿದಿದ್ದಳು. ಒಬ್ಬರೂ ಹೇಳಲಿಲ್ಲ. ಒಬ್ಬನೇ ಒಬ್ಬ, ಒಂದೇ ಒಂದು ದಿನ, ಇದು ಇಂಥದ್ದಕ್ಕೆ ಎಂದು ಹೇಳಿದ್ದರೆ ಅವಳು ಮಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಗೇಟು ಹಾರುತ್ತಿದ್ದಳು.

ಅಳಬೇಕೆನಿಸಿತು. ಬರಲಿಲ್ಲ. ಎದೆಯಲ್ಲಿ ಏನೋ ಅಡ್ಡ ತಿರುಗಿ ನಿಂತಿತ್ತು. ಅದನ್ನು ಎಳೆದು ಹಾಕುವ ಕೈ ಯಾರ ಹತ್ತಿರವೂ ಇರಲಿಲ್ಲ.

ಹೋಗಲು ಬೇರೆ ಜಾಗವಿರಲಿಲ್ಲ. ತಿರುಗಿ ಬಂದರು. ಹತ್ತು ದಿನದ ಕೋಣೆಯಲ್ಲಿ ಹಾಕಿದರು. ಎರಡು ಚಾಪೆ, ಒಂದು ನಲ್ಲಿ. ಮಗಳ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ನಲ್ಲಿಯ ಹತ್ತಿರ ಗೋಡೆಗೆ ಹಣೆ ಒತ್ತಿಕೊಂಡು ಹಾಲು ಹಿಂಡುತ್ತಿದ್ದಳು. ಸಿಮೆಂಟಿನ ಮೇಲೆ ಬಿದ್ದು ಹರಿದು ಹೋಗುತ್ತಿತ್ತು. ಕೈಯಮ್ಮ ಬಿಸಿನೀರಿನ ಬಟ್ಟೆ ಹಿಂಡಿ ಕೊಡಲು ಹೋದರೆ ಕೈ ತಳ್ಳುತ್ತಿದ್ದಳು. ಆ ಕೈಯನ್ನೇ ತಳ್ಳುತ್ತಿದ್ದಳು.

ಎರಡನೇ ದಿನ ಮ್ಯಾನೇಜರು, ಮೇಸ್ತ್ರಿ ಇಬ್ಬರೂ ಬಂದರು. ಬಾಗಿಲ ಹೊರಗೇ ನಿಂತರು. ಹಸುಗೂಸು ಧನುರ್ವಾಯುವಿನಿಂದ ಸತ್ತರೆ ಸರ್ಕಾರ ವಿಚಾರಣೆ ಮಾಡುತ್ತದಂತೆ. ಮ್ಯಾನೇಜರು ಒಂದು ಕಾಗದ ತಂದಿದ್ದ.

"ಓದಿ" ಎಂದಳು ಕೈಯಮ್ಮ.

ಮ್ಯಾನೇಜರು ಓದಿದ. "ನನ್ನ ಮಗಳ ಹೆರಿಗೆಯನ್ನು ನಾನೇ ಸ್ವಇಚ್ಛೆಯಿಂದ ಲೈನುಮನೆಯಲ್ಲಿ ಮಾಡಿಸಿದ್ದು, ಶುಚಿಯಿಲ್ಲದ ನನ್ನ ಸ್ವಂತ ಕತ್ತರಿಯಿಂದ ಕರುಳಬಳ್ಳಿಯನ್ನು ಕತ್ತರಿಸಿರುತ್ತೇನೆ. ಇದರಲ್ಲಿ ಫಾರಂನ ಆಡಳಿತದ ಯಾವುದೇ ಲೋಪವಿರುವುದಿಲ್ಲ."

"ಲೈನುಮನೆ ಅಲ್ಲ. ಏಳನೇ ಗೂಡು."

"ಆಯ್ತು, ಅದನ್ನ ತಿದ್ದೋಣ."

"ಕತ್ತರಿ ನಂದಲ್ಲ. ಫಾರಂದು. ಹಿಡಿ ಮೇಲೆ ನಿಮ್ಮ ನಂಬರ್ ಇದೆ."

"ಸ್ವಂತ ಅನ್ನೋದು ತೆಗೀತೀನಮ್ಮ. ಸಾಕಾ?" ಎಂದ ಮ್ಯಾನೇಜರು. ಮೇಸ್ತ್ರಿ ಮಸಿಯ ಡಬ್ಬಿ ತೆರೆದು ಅವಳ ಹೆಬ್ಬೆರಳು ಹಿಡಿದು ಅದಕ್ಕೆ ಒತ್ತಿದ.

"ಕೊಳಕು ಕತ್ತರಿ ಅಂತ ಬರ್ದಿದೀರಲ್ಲ, ಅದು ನಿಜ. ಇರ್ಲಿ. ಇನ್ನೂ ಬೇಕಿದ್ರೆ ನನ್ನ ಕೈಯೇ ಕೊಂದಿದ್ದು ಅಂತ ಬರ್ಕೊಳ್ಳಿ. ಅದಕ್ಕೂ ಒತ್ತುತೀನಿ. ಹತ್ತು ಕಾಗದ ತನ್ನಿ, ಹತ್ತಕ್ಕೂ ಒತ್ತುತೀನಿ. ಅದರ ಕೆಳಗೆ ಒಂದು ಸಾಲು ಬರೀರಿ. ನರ್ಸಮ್ಮ ಮೂರು ಸಲ ಬಂದಿದ್ರು, ಗೇಟು ತೆಗೀಲಿಲ್ಲ ಅಂತ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಇದೆ."

"ನೋಡು ಕೈಯಮ್ಮ" ಮೇಸ್ತ್ರಿ ಧ್ವನಿ ಇಳಿಸಿದ. "ಇಷ್ಟು ವರ್ಷದ ಕೆಲಸ. ಮನೆ ಇದೆ. ಮಗಳಿದಾಳೆ. ನಾಳೆ ಇನ್ನೊಂದು ಮಗು ಆಗುತ್ತೆ. ಸುಮ್ನೆ ಯಾಕೆ ಎಳೆದಾಡ್ತೀಯಾ?"

"ಎಳೆಯೋದೇ ಅಲ್ವೇನಣ್ಣ ನನ್ನ ಕೆಲಸ?" ಎಂದಳು. "ಗುಂಗುರಿಗೆ ಈಗ ಐದು ತಿಂಗಳು. ಅವಳ ಮಗೂಗೂ ಇಂಥದ್ದೇ ಕಾಗದ ತರ್ತೀರಾ? ಗೇಟು ಬರೀದೆ ನಾನು ಒತ್ತಲ್ಲ."

ಮಸಿ ಬಳಿದ ಹೆಬ್ಬೆರಳನ್ನು ತನ್ನ ಬಟ್ಟೆಗೆ ಒರೆಸಿಕೊಂಡಳು. ಮ್ಯಾನೇಜರು ಕಾಗದ ಮಡಚಿ ಜೇಬಿಗಿಟ್ಟ. "ವಾರದೊಳಗೆ ಮನೆ ಖಾಲಿ ಮಾಡು" ಎಂದ. ಒಳಗೆ ಮಗಳು ಗೋಡೆಗೆ ಮುಖ ಮಾಡಿ ಮಲಗಿಯೇ ಇದ್ದಳು. ಕೇಳಿಸಿಕೊಂಡಳೋ ಇಲ್ಲವೋ, ಮೈ ಅಲ್ಲಾಡಲಿಲ್ಲ.

ಮರುದಿನ ಹತ್ತು ಗಂಟೆಗೆ ನರ್ಸಮ್ಮನ ಸ್ಕೂಟರ್ ಗೇಟಿಗೆ ಬಂತು. ಗುಂಗುರಿಗೆ ಹಾಕಲು. ಕೈಯಮ್ಮ ಕಿಟಕಿಯಿಂದ ನೋಡುತ್ತಿದ್ದಳು.

"ನಿಮಗೆ ಕೈ ಮುಗೀತೀನಿ ತಾಯಿ, ಆಗಲ್ಲ" ಎನ್ನುತ್ತಿದ್ದ ಗೇಟಿನಣ್ಣ. ಅವನ ದನಿಯಲ್ಲಿ ಜೀವವಿರಲಿಲ್ಲ.

ಅಷ್ಟರಲ್ಲಿ ಮೇವಿನ ಲಾರಿ ಬಂತು. ಅದಕ್ಕೆ ಗೇಟಿನ ಎರಡು ರೆಕ್ಕೆಯೂ ತೆರೆಯಿತು.

ಕೈಯಮ್ಮ ಕೋಣೆಯಿಂದ ಹೊರಗೆ ಬಂದಳು. ನೆಟ್ಟಗೆ ಹೋಗಿ ಗೇಟಿನ ನಡುವಿನ ತೊಟ್ಟಿಯಲ್ಲಿ ಇಳಿದಳು. ನೀಲಿ ನೀರು ಮೊಣಕಾಲ ಕೆಳಗಿತ್ತು. ಕೂತಳು. ಸೊಂಟದವರೆಗೆ ಬಂತು. ಕೈಯ ಬಿರುಕುಗಳಿಗೆ ಔಷಧಿ ಇಳಿದು ಚುರ್ ಎಂದಿತು. ಲಾರಿ ನಿಂತಿತು. ಡ್ರೈವರ್ ಅವಳನ್ನು ನೋಡಿದ. ಇಂಜಿನ್ ಆರಿಸಿದ. ಸೀಟಿಗೆ ಒರಗಿ ಬೀಡಿ ಹಚ್ಚಿಕೊಂಡ.

"ಏಳಮ್ಮ, ಏಳು" ಗೇಟಿನಣ್ಣ ಗೋಗರೆದ. "ಮೇವು ಒಳಗೆ ಹೋಗ್ಬೇಕು."

"ಹೋಗ್ಲಿ. ಮೊದ್ಲು ನರ್ಸಮ್ಮ ಹೋಗ್ಲಿ. ಆಮೇಲೆ ಮೇವು."

ಮೇಸ್ತ್ರಿ ಓಡಿಬಂದ. ಬೈದ. ಅವಳ ಅಪ್ಪನನ್ನು ಬೈದ, ಹೆತ್ತವಳನ್ನು ಬೈದ. ತೋಳು ಹಿಡಿ ಎಂದು ಗೇಟಿನಣ್ಣನಿಗೆ ಹೇಳಿದ. ಗೇಟಿನಣ್ಣ ಬಗ್ಗಿ, ಅವಳ ತೋಳಿಗೆ ಕೈ ಹಾಕಿ, ಕೈ ತೆಗೆದ. "ನನ್ನಿಂದಾಗಲ್ಲ ಮೇಸ್ತ್ರಿ. ನೀವೇ ಹಿಡೀರಿ" ಎಂದ. ಮೇಸ್ತ್ರಿ ಹೊಸ ಬೂಟು ನೋಡಿಕೊಂಡು ತೊಟ್ಟಿಯ ಅಂಚಿನಲ್ಲೇ ನಿಂತ.

ಬಿಸಿಲು ಏರಿತು. ನರ್ಸಮ್ಮ ಡಬ್ಬದ ಮೇಲೆ ತನ್ನ ನೆರಳು ಬೀಳುವ ಹಾಗೆ ನಿಂತುಕೊಂಡಳು. ಕೊಟ್ಟಿಗೆಯ ಕಡೆಯಿಂದ ಒಂದು ಕುರಿ ಅರಚಿತು. ಕೈಯಮ್ಮನ ತಲೆ ಎದ್ದಿತು. ಆ ಕೂಗು ಅವಳಿಗೆ ಗೊತ್ತು. ಮರಿ ಸಿಕ್ಕಿಕೊಂಡಾಗಿನ ಕೂಗು.

ಗುಂಗುರಿ ಓಡುತ್ತ ಬಂದಳು. ಹೊಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. "ಮೇಸ್ತ್ರಿ, ಹನ್ನೊಂದನೇ ಗೂಡು. ಎರಡು ತಲೆ ಒಟ್ಟಿಗೆ ಬಂದಿದೆ. ಡಾಕ್ಟ್ರ ಕೈ ಹೋಗ್ತಿಲ್ಲ. ಕೈಯಮ್ಮನ್ನ ಕಳಿಸಿ ಅಂತಿದಾರೆ."

ಮೇಸ್ತ್ರಿಯ ಧ್ವನಿ ಒಮ್ಮೆಲೇ ಬೆಣ್ಣೆಯಾಯಿತು. "ಏಳು ಕೈಯಮ್ಮ. ಬೇಗ ಬಾ. ಪಾಪದ ಪ್ರಾಣಿ ಅದು."

"ಹತ್ತು ದಿನ ಒಳಗೆ ಬರೋ ಹಾಗಿಲ್ಲ ಅಂದ್ರಲ್ಲ? ನನ್ನ ಮೈಮೇಲೆ ಹೊರಗಿನ ರೋಗ ಇದೆಯಲ್ಲ?"

"ಅದೆಲ್ಲ ಬಿಡು ಈಗ. ಸೋಪಲ್ಲಿ ಕೈ ತೊಳ್ಕೊಂಡು ಬಾ."

ಕೈಯಮ್ಮ ಅವನನ್ನೇ ನೋಡಿದಳು. ಕುರಿಗಾಗಿ ಗೇಟು ಮುಚ್ಚಿತ್ತು. ಕುರಿಗಾಗಿ ಗೇಟು ತೆರೆಯುತ್ತದೆ. ಸೋಪಲ್ಲಿ ಕೈ ತೊಳೆದರೆ ಸಾಕಂತೆ. ಇಷ್ಟು ಸುಲಭವಿತ್ತು. ಒಂದು ಸೋಪು.

"ನರ್ಸಮ್ಮನಿಗೂ ಸೋಪು ಕೊಡಿ" ಎಂದಳು. "ಅವರು ಒಳಗೆ ಹೋಗ್ಲಿ. ಅವರ ಹಿಂದೇನೇ ನನ್ನ ಕೈ ಬರುತ್ತೆ."

"ಕುರಿ ಸತ್ತೋಗುತ್ತೆ ಕಣೇ!"

"ಗೊತ್ತು."

ಕುರಿ ಮತ್ತೆ ಅರಚಿತು. ಅವಳ ಬೆರಳುಗಳು ನೀಲಿ ನೀರಿನೊಳಗೆ ತಾವಾಗಿಯೇ ಆಡಿದವು, ಒಂದು ತಲೆಯನ್ನು ಹಿಂದಕ್ಕೆ ಒತ್ತಿ, ಇನ್ನೊಂದರ ಕಾಲನ್ನು ಹುಡುಕುವ ಹಾಗೆ. ಅವಳು ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. ಕಣ್ಣಲ್ಲಿ ನೀರು ಈಗ ಬಂತು. ಸುರಿಯಿತು. ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ತೆಗೆದರೆ ಆ ಕೈ ಎದ್ದು ಓಡಿಬಿಡುತ್ತದೆ ಎಂದು ಅವಳಿಗೆ ಭಯವಿತ್ತು.

"ಕಟುಕಿ! ಮೊಮ್ಮಗಳನ್ನೂ ಕೊಂದೆ, ಈಗ ಇದನ್ನೂ ಕೊಲ್ತೀಯಾ?" ಎಂದ ಮೇಸ್ತ್ರಿ.

ಡ್ರೈವರ್ ಬೀಡಿ ಎಸೆದು ಕೆಳಗಿಳಿದ. ಗುಂಗುರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕೈಯಮ್ಮ ತಲೆ ಬಗ್ಗಿಸಿದಳು.

ಕೋಣೆಯ ಬಾಗಿಲ ಸದ್ದಾಯಿತು. ಮಗಳು ಹೊರಗೆ ಬಂದಿದ್ದಳು. ಕೂದಲು ಕೆದರಿತ್ತು. ಹಾಲು ಇಳಿದು ಬಟ್ಟೆಯ ಮುಂಭಾಗ ಹೊಟ್ಟೆಯವರೆಗೆ ನೆನೆದಿತ್ತು. ಅದನ್ನು ಮುಚ್ಚಿಕೊಳ್ಳಲಿಲ್ಲ. ಎಲ್ಲರ ಎದುರಿಗೆ, ಬಿಸಿಲಲ್ಲಿ, ಕಾಲು ಎಳೆದುಕೊಂಡು ನಡೆದು ಬಂದಳು. ಮೇಸ್ತ್ರಿ ದಾರಿ ಬಿಟ್ಟು ಪಕ್ಕಕ್ಕೆ ನಿಂತ.

ತೊಟ್ಟಿಯ ಅಂಚಿಗೆ ಬಂದು ನಿಂತು ಅವಳು ಅಮ್ಮನನ್ನು ನೋಡಿದಳು. ತೊಡೆಯ ಕೆಳಗೆ ಅದುಮಿಟ್ಟ ಕೈಗಳನ್ನು ನೋಡಿದಳು. ಒಂದು ಕಾಲನ್ನು ನೀರಿಗೆ ಇಳಿಸಿದಳು, ಆಮೇಲೆ ಇನ್ನೊಂದನ್ನು.

"ಸ್ವಲ್ಪ ಆಚೆ ಸರ್ಕೊಳಮ್ಮ" ಎಂದಳು.